ಬೋಸ್ಟನ್ನಿನ ಬೆಲ್ಲ

ಗೋಕಾಕ,
ರವಿವಾರ, ತಾ. ೮ ಡಿಸೆಂಬರ ೧೯೪೬

ಪ್ರೀತಿಯ ಅಣ್ಣಾ,

‘ತೀರ್ಥರೂಪ ಅಣ್ಣನವರಿಗೆ’ ಎಂದು ಶುರು ಮಾಡು ಎಂದು ಅವ್ವ ಬಾಜೂದಲ್ಲಿ ಕೂತು ಹೇಳುತ್ತಿದ್ದಾಳೆ. ನೀನು ನಮಗೆಲ್ಲ ಕುಡಿಸಿದ ತೀರ್ಥ ಇನ್ನೂ ಗಂಟಲಲ್ಲೇ ಇರುವುದರಿಂದ ಆ ಶಬ್ದ ಬೇಡವೆಂದು ‘ಪ್ರೀತಿಯ’ ಎಂದೇ ಬರೆದಿದ್ದೇನೆ. ಅದು ರೂಢಿ. ರೂಢಿಯನ್ನು ಒಂದು ದಿನದಲ್ಲಿ ಬಿಡಲಾಗುವುದಿಲ್ಲ.

ನಿನ್ನ ಹೊಟ್ಟೆನೋವು ಹೇಗಿದೆ? ಖಾನಾವಳಿಯವನು ಸಾರಿಗೆ ಉಳ್ಳಾಗಡ್ಡಿ ಹಾಕುವುದನ್ನು ಬಿಟ್ಟನೇ, ಅಥವಾ ನೀನೇ ಬೇಡವೆನ್ನುವುದನ್ನು ಬಿಟ್ಟೆಯಾ? ಹೊತ್ತು ಮುಳುಗುವ ಮೊದಲು ಊಟ ಮಾಡುವ ನಮ್ಮ ಮನೆಯ ನೇಮ ಮುಂಬೈಯ ಅರಳೆ ದಲಾಲರ ಕಚೇರಿಯಲ್ಲಿ ಹೇಗೆ ನಡೆಯುತ್ತದೆಂದು ಅವ್ವನಿಗೆ ದಿನವೂ ಚಿಂತೆ. ಅಲ್ಲಿಯ ಗಲಾಟೆ ತಣ್ಣಗಾಯಿತೇ? ಪತ್ರಿಕೆಯಲ್ಲಿ ಮುಂಬೈಯ ಹೆಸರು ಬಂದ ದಿನ ಅವ್ವ ಬಸದಿಗೆ ಒಮ್ಮೆ ಹೋಗುವಲ್ಲಿ ಎರಡು ಸಲ ಹೋಗುತ್ತಾಳೆ. ಅಪ್ಪನಿಗೆ ಗಾಣದ ಹಂಗಾಮು. ಅಂಗಡಿಯಿಂದ ಬಂದರೆ ಮೀಸೆಗೂ ಬೆಲ್ಲ ಮೆತ್ತಿರುತ್ತದೆ, ಇರುವೆಗಳು ಅವರನ್ನು ಮನೆಯವರೆಗೆ ಕಳಿಸಿ ಹೋಗುತ್ತವೆ. ನನ್ನ ಪ್ರಕೃತಿ ಚೆನ್ನಾಗಿದೆ. ಮನಸ್ಸು ಚೆನ್ನಾಗಿಲ್ಲ. ಅದಕ್ಕೆ ನಮ್ಮ ಡಾಕ್ಟರರ ಹತ್ತಿರ ಔಷಧವಿಲ್ಲವೆಂದು ನಿನಗೆ ಬರೆಯುತ್ತಿದ್ದೇನೆ.

ನಿಜವಾಗಿ ಅಪ್ಪ ನನಗೆ ಹೇಳಿದ್ದು ಒಂದೇ ಸಾಲು ಬರೆಯಲು. “ಹುಕ್ಕೇರಿದು ಮುರದು ಬಿತ್ತು ಅಂತ ಅಂವಗ ಬರಿ” ಎಂದರು, ಅಷ್ಟೇ. ಏಕೆ ಮುರಿಯಿತು, ಹೇಗೆ ಮುರಿಯಿತು ಎಂಬುದನ್ನು ಬರೆಯಬೇಕಾಗಿಲ್ಲ ಎಂಬಂತೆ ಅಂಗಡಿಗೆ ಹೋದರು. ಆದರೆ ನಾನು ಇತಿಹಾಸದ ವಿದ್ಯಾರ್ಥಿನಿ. ನಮ್ಮಲ್ಲಿ ಕಾರಣಗಳು ಮೊದಲು, ಕದನ ನಡುವೆ, ಪರಿಣಾಮಗಳು ಕೊನೆಗೆ. ನಿನಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಏನೇನು ಗೊತ್ತಿತ್ತು ಎಂಬುದೇ ಈ ಪತ್ರದ ಮುಖ್ಯ ವಿಷಯ.

ದೀಪಾವಳಿಗೆ ನೀನು ಮುಂಬೈಯಿಂದ ಬಂದಾಗ ಕೈಯಲ್ಲಿ ಮಿಠಾಯಿ ಡಬ್ಬಿ, ಬಾಯಲ್ಲಿ ಒಬ್ಬ ವರ. ಹುಕ್ಕೇರಿಯ ರಾವಸಾಹೇಬ, ಒಳ್ಳೆಯ ಮನೆತನ, ಸಕ್ಕರೆ ತಯಾರಿಕೆಯ ವಿದ್ಯೆ ಕಲಿಯಲು ನಾಲ್ಕು ವರ್ಷ ಅಮೇರಿಕಾದಲ್ಲಿದ್ದು ಈಗಷ್ಟೇ ತಿರುಗಿ ಬಂದಿದ್ದಾನೆ, ಹುಡುಗನನ್ನು ಕೈಬಿಟ್ಟರೆ ಇನ್ನೊಬ್ಬರು ಹಾರಿಸಿಕೊಂಡು ಹೋಗುತ್ತಾರೆ. ಹೊಸ ಲೋಕವನ್ನು ಕಂಡುಹಿಡಿದವನು ಕೊಲಂಬಸ್, ಹೊಸ ಅಳಿಯನನ್ನು ಕಂಡುಹಿಡಿದವನು ನೀನು. ತಾನು ಕಂಡದ್ದು ಏನೆಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ. ಆ ವಿಷಯದಲ್ಲಿ ನೀನು ಅವನಿಗಿಂತ ಒಂದು ಕೈ ಮೇಲು. ನನ್ನ ಬಿ.ಎ. ಪರೀಕ್ಷೆಗೆ ಇನ್ನು ಕೆಲವೇ ತಿಂಗಳು ಉಳಿದಿದ್ದವು. ನನಗೆ ಬಿ.ಎ. ಆಗುವ ಆಸೆ, ನಿನಗೆ ಬೀಗರನ್ನು ಮಾಡುವ ಆಸೆ. “ಮದಿವ್ಯಾದ ಮ್ಯಾಲೂ ಓದಬಹುದಲ್ಲ, ಅಮೇರಿಕಾದಾಗ ಹೆಂಗಸರು ಹಂಗ ಮಾಡತಾರ” ಎಂದೆ ನೀನು. ಹುಕ್ಕೇರಿಯ ಹೆಂಗಸರು ಏನು ಮಾಡುತ್ತಾರೆ ಎಂಬುದನ್ನು ಹೇಳಲಿಲ್ಲ.

ಅಪ್ಪನಿಗೆ ಸಂಶಯ ಬಂದದ್ದು ಅಂಕಲಗಿಯವರ ಕಥೆಯಿಂದ. ಅವರು ವಿಲಾಯತಿಗೆ ಹೋಗಿ ಬಂದ ವಕೀಲನೆಂದು ಅಳಿಯನನ್ನು ತಂದರು. ಮದುವೆಯ ಚಪ್ಪರ ಇಳಿಸಿದ ಮೇಲೆ ವಿಲಾಯತಿಯಿಂದ ಬಂದದ್ದು ಅವನ ಟೋಪಿ ಮಾತ್ರ, ಅದನ್ನು ಅವನು ಮಾವನಿಗೆ ಹಾಕಿದ್ದಾನೆ ಎಂದು ತಿಳಿಯಿತು. ಅದಕ್ಕೇ ಅಪ್ಪ ಊಟಕ್ಕೆ ಕೂತಾಗ ಒಂದು ಹೊಸ ಪದ್ಧತಿ ಹೂಡಿದರು. “ಅವರು ಬಂದು ನಮ್ಮ ಹುಡಿಗಿಗೆ ಹಪ್ಪಳಾ ಲಟ್ಟಸಾಕ ಬರತೈತೇನು, ಸ್ತೋತ್ರಾ ಬರತೈತೇನು ಅಂತ ಕೇಳತಾರಿಲ್ಲೋ? ನಾವೂ ಕೇಳೂಣು. ನಾಕ ವರ್ಷ ಅಲ್ಲಿ ಅನ್ನಾ ಉಂಡಂವಗ ಅಮೇರಿಕಾದ ಕಥಿ ಗೊತ್ತಿರಬೇಕಲ್ಲ. ರಾಜೂ, ನೀ ಪ್ರಶ್ನೆ ತಗಿ, ನಾ ಕೇಳತೇನಿ. ಎಲ್ಲಾ ಬರೋಬ್ಬರಿ ಹೇಳಿದ್ರ ಹುಡಿಗಿ ಅಂವಗ. ಒಂದ ತಪ್ಪಿದ್ರೂ ನೀ ಕೊಲ್ಲಾಪುರಕ್ಕ ಕಾಲೇಜಿಗೆ ನಡಿ, ಪರೀಕ್ಷಾ ಮುಗಿಯೂತನಾ ಈ ಮನ್ಯಾಗ ಮದುವಿ ಮಾತು ತಗದವ್ರಿಗೆ ಊಟಾ ಇಲ್ಲ.” ಆ ಮಾತಿಗೆ ನೀನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಾನಂತೂ ಆ ರಾತ್ರಿ ನನ್ನ ಹಣೆಬರಹವನ್ನು ನಾನೇ ಬರೆಯುತ್ತಿದ್ದೇನೆಂದು ಎಷ್ಟು ಖುಷಿಪಟ್ಟೆ! ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣೇ ಪ್ರಶ್ನಪತ್ರಿಕೆ ತೆಗೆದದ್ದು ನಮ್ಮ ತಾಲೂಕಿನಲ್ಲಿ ಎಲ್ಲಾದರೂ ನಡೆದಿತ್ತೇ?

ಮರುದಿನ ಭಾವು ಬೀಜ, ಅಣ್ಣತಂಗಿಯರ ಹಬ್ಬ. ನಿನಗೆ ಆರತಿ ಎತ್ತಿದೆ. ಮಧ್ಯಾಹ್ನ ಪಡಸಾಲೆಯ ತೂಗುಮಣೆಯ ಮೇಲೆ ಕೂತು ನಾನು ಪ್ರಶ್ನೆ ತೆಗೆಯುತ್ತಿದ್ದೆ, ನೀನು ಕಾಲಿನಿಂದ ತೂಗುತ್ತಿದ್ದೆ. ಅವರ ಮೊದಲನೆಯ ಅಧ್ಯಕ್ಷ ಯಾರು, ಒಟ್ಟು ಸಂಸ್ಥಾನಗಳೆಷ್ಟು, ಲೂಯಿಸಿಯಾನಾ ಪ್ರಾಂತವನ್ನು ಯಾರಿಂದ ಕೊಂಡರು, ಗುಲಾಮರನ್ನು ಬಿಡಿಸಿದವನು ಯಾರು, ಅವನು ಸತ್ತದ್ದು ಹೇಗೆ, ನ್ಯೂಯಾರ್ಕ ಬಂದರದ ಸ್ವಾತಂತ್ರ್ಯದೇವಿಯ ಮೂರ್ತಿಯನ್ನು ಕೊಟ್ಟವರಾರು. ಕೊನೆಯ ಪ್ರಶ್ನೆಯನ್ನು ನೀನೇ ಸೂಚಿಸಿದೆ: ಬೋಸ್ಟನ್ ಬಂದರದಲ್ಲಿ ಜನ ಸಿಟ್ಟಿಗೆದ್ದು ಹಡಗಿನಿಂದ ಸಮುದ್ರಕ್ಕೆ ಎಸೆದದ್ದೇನು, ಏಕೆ? “ಅದು ಅಪ್ಪನ ಕಥಿ, ಅದನ್ನ ಬಿಡಬ್ಯಾಡ” ಎಂದೆ. ನಾನು ಉತ್ತರಗಳನ್ನು ಹೇಳಲಿಲ್ಲ, ನೀನೂ ಕೇಳಲಿಲ್ಲ. “ಯಾರ ಮುಂದೂ ಹೇಳಬ್ಯಾಡ ಅಣ್ಣಾ, ಅವ್ವನ ಮುಂದೂ ಬ್ಯಾಡ” ಎಂದೆ. “ನಾನೇನ ಸಣ್ಣ ಹುಡುಗ ಅದೇನೇನ?” ಎಂದು ನನ್ನ ಜಡೆ ಎಳೆದೆ. ಸಂಜೆ ನೀನು ಹೊರಡುವಾಗ, ರೈಲಿನಲ್ಲಿ ಓದಲು ಬೇಕು ಎಂದು ನನ್ನ ಅಮೇರಿಕಾದ ಇತಿಹಾಸದ ಪುಸ್ತಕವನ್ನೇ ಕೇಳಿ ತೆಗೆದುಕೊಂಡೆ. ಅರಳೆ ದಲಾಲನಿಗೆ ಒಮ್ಮಿಂದೊಮ್ಮೆಲೆ ಇತಿಹಾಸದ ಹಂಬಲ ಬಂದಿತಲ್ಲ ಎಂದು ನನಗೆ ಅಭಿಮಾನ ಉಕ್ಕಿತು ಅಣ್ಣಾ! ಪುಸ್ತಕಕ್ಕೆ ಹಳೆಯ ಪತ್ರಿಕೆಯ ಕವರು ಕೂಡ ಹಾಕಿ ಕೊಟ್ಟೆ.

ಈಗ ಅಪ್ಪನ ಕಥೆ. ನಮ್ಮ ಅಜ್ಜ ಇರುವತನಕ ಚಹಾ ಎಂದರೆ ನಮ್ಮ ಮನೆಯಲ್ಲಿ ಸೆರೆ-ಹೆಂಡಕ್ಕಿಂತ ಕೆಳಗಿನ ವಸ್ತು. ಆ ಶಬ್ದವನ್ನು ಊಟದ ಪಂಕ್ತಿಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಅಪ್ಪ ಎಲ್ಲೋ ಮರಾಠಿ ಪತ್ರಿಕೆಯಲ್ಲಿ ಬೋಸ್ಟನ್ನಿನ ಸಂಗತಿ ಓದಿದ್ದರು. ನಮಗೆ ಹೇಳುವ ಆಸೆ, ಎದುರಿಗೆ ಅಜ್ಜ. ಅದಕ್ಕೆ ಬೆಲ್ಲದ ವ್ಯಾಪಾರಿಯ ಬುದ್ಧಿ ಓಡಿಸಿ ಚಹಾದ ಪೆಟ್ಟಿಗೆಗಳನ್ನೆಲ್ಲ ಬೆಲ್ಲದ ಪೆಂಟಿ ಮಾಡಿಬಿಟ್ಟರು. ಇಂಗ್ರೇಜರು ಬೆಲ್ಲದ ಮೇಲೆ ತೆರಿಗೆ ಹಾಕಿದರಂತೆ, ಅಮೇರಿಕಾದ ಮಂದಿ ಹಡಗು ಹತ್ತಿ ಪೆಂಟಿ ಪೆಂಟಿಯನ್ನೇ ನೀರಿಗೆ ಒಗೆದರಂತೆ, “ಸಮುದ್ರ ಮೂರ ದಿನಾ ಪಾನಕಾ ಆಗಿತ್ತು ನೋಡ್ರಿ, ಮೀನಾ ಸೈತ ಸೀ ಆಗಿದ್ದೂ.” ಮೀನಿನ ಮಾತಿಗೆ ಅಜ್ಜ ಕೆಮ್ಮುತ್ತಿದ್ದರು, ಅಪ್ಪ ಅದನ್ನು ಬಿಟ್ಟು ಪಾನಕಕ್ಕೆ ನಿಲ್ಲಿಸುತ್ತಿದ್ದರು. ಈ ಕಥೆಯನ್ನು ಎಷ್ಟು ಸಲ ಕೇಳಿ ತುತ್ತು ನುಂಗಿದ್ದೇವೆ ನಾವು! ನಾನು ಕಾಲೇಜಿಗೆ ಹೋದ ಮೇಲೆ ಅದು ಚಹಾ ಎಂದು ಓದಿ, ಕಳೆದ ಬೇಸಿಗೆಯ ಸೂಟಿಯಲ್ಲಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಅಪ್ಪ ಹೊಟ್ಟೆ ಹಿಡಿದು ನಕ್ಕರು. “ಚಹಾ ಅಂದಿದ್ರ ನಿಮ್ಮಜ್ಜ ನನ್ನ ಒಗೀತಿದ್ದ ಸಮುದ್ರಕ್ಕ” ಎಂದರು. ಆ ಸೂಟಿಗೆ ನೀನು ಬಂದಿರಲಿಲ್ಲ. ನಿನಗೆ ಹೇಳುವುದು ಯಾರಿಗೂ ನೆನಪಾಗಲಿಲ್ಲ. ಆದ್ದರಿಂದ ಈ ಭೂಮಂಡಲದ ಮೇಲೆ ಬೋಸ್ಟನ್ನಿನಲ್ಲಿ ಬೆಲ್ಲ ಮುಳುಗಿತೆಂದು ಇನ್ನೂ ನಂಬಿದ್ದವನು ಒಬ್ಬನೇ ಒಬ್ಬ. ಅವನು ಮುಂಬೈಯಲ್ಲಿ ಅರಳೆ ದಲಾಲಿ ಮಾಡುತ್ತಾನೆ.

ನೋಡುವ ಶಾಸ್ತ್ರ ಮೂಡಲಗಿಯಲ್ಲಿ ಸೀತತ್ತೆಯ ಮನೆಯಲ್ಲಿ ಆಯಿತು. ಕೆಟ್ಟರೆ ಸುದ್ದಿ ಗೋಕಾಕದ ಪೇಟೆಗೆ ಬರುವುದು ಬೇಡ ಎಂದು ಅಪ್ಪನ ಹಂಚಿಕೆ. ಸೀತತ್ತೆಯ ಮನೆಯಲ್ಲಿ ಈಗ ಚಹಾ ಧಾರಾಳ. ಅಜ್ಜ ಹೋದ ಮೇಲೆ ಅವರ ಮಗಳಾದ ಇವಳೇ ಎಲ್ಲರಿಗಿಂತ ಮೊದಲು ಕಿಟಲಿ ಕೊಂಡಳು. ಮೊದಲು ನನ್ನ ಸರದಿ. ಮಣೆಯ ಮೇಲೆ ಕೂಡ್ರಿಸಿದರು. ಹಪ್ಪಳದ ಹಿಟ್ಟಿಗೆ ಏನೇನು ಹಾಕುತ್ತೀ ಎಂದು ರಾವಸಾಹೇಬನ ತಾಯಿ ಕೇಳಿದರು. ನಾನು ತಡವರಿಸಿದಾಗ ಅವ್ವ ಪಾಪಡಖಾರ ಎಂದು ಪಿಸುಗುಟ್ಟಲು ಹೋದಳು. ಹುಕ್ಕೇರಿಯ ಹಿರಿಯರು ಕೈ ಎತ್ತಿದರು. “ನೀವು ಸುಮ್ಮನಿರ್ರಿ ಬಾಯಾರ. ಮಣಿ ಮ್ಯಾಲೆ ಕುಂತ ಹುಡಿಗಿ ಬಾಯಿಲೇನ ಬರಬೇಕು. ನಮ್ಮ ಕಡೆ ರಿವಾಜ ಹಂಗ. ನಡುವ ಬ್ಯಾರೆದವರು ಮಾತಾಡಿದ್ರ ಆ ಸಂಬಂಧಾ ಕೂಡೂದಿಲ್ಲ.” ಅವ್ವನ ಬಾಯಿ ಮುಚ್ಚಿತು, ನನ್ನ ಹಪ್ಪಳ ಹರಿಯಿತು. ಇರಲಿ, ಹಪ್ಪಳದಲ್ಲಿ ನಾನು ನಪಾಸು ಎಂಬುದು ಗುಟ್ಟೇನೂ ಅಲ್ಲ.

ಆಮೇಲೆ ಅಪ್ಪ ಕೊರಳು ಸರಿಮಾಡಿಕೊಂಡು, “ಈಗ ನಮ್ದೂ ಒಂದ ಸ್ವಲ್ಪ ಐತಿ” ಎಂದರು. ರಾವಸಾಹೇಬ ನೋಡಲು ಒಳ್ಳೆಯವನಂತೆಯೇ ಇದ್ದ. ಕೋಟಿನ ಗುಂಡಿ ಹಾಕುವುದು ತೆಗೆಯುವುದು ನಡೆದಿತ್ತು. ಅಪ್ಪ ಒಂದೊಂದನ್ನೇ ಕೇಳಿದರು, ಅವನು ಒಂದೊಂದನ್ನೇ ಒಪ್ಪಿಸಿದ. ವಾಶಿಂಗ್ಟನ್. ನಲವತ್ತೆಂಟು. ಫ್ರೆಂಚರಿಂದ. ಲಿಂಕನ್, ನಾಟಕಗೃಹದಲ್ಲಿ ಗುಂಡು ತಗುಲಿ. ಮೂರ್ತಿಯೂ ಫ್ರೆಂಚರದೇ. ಯೋಚಿಸುವುದೇ ಇಲ್ಲ, ಕೇಳುವ ಮೊದಲೇ ತುಟಿ ಅಲುಗುತ್ತಿತ್ತು. ಒಂದೆಡೆ, ಹೋಯಿತು ನನ್ನ ಬಿ.ಎ. ಎಂದು ಅಳು, ಇನ್ನೊಂದೆಡೆ, ಅಬ್ಬಾ, ಇಷ್ಟೆಲ್ಲ ತಿಳಿದವನಾದರೆ ಮಾತಾಡಲಾದರೂ ಬರುತ್ತದಲ್ಲ ಎಂಬ ಸಣ್ಣ ಸಮಾಧಾನ. ಖರೆ ಹೇಳುತ್ತೇನೆ, ಆ ಹೊತ್ತಿನಲ್ಲಿ ನಾನು ಅವನನ್ನು ಅರ್ಧ ಒಪ್ಪಿಕೊಂಡಿದ್ದೆ. ಆಗ ಅಪ್ಪ ಕೊನೆಯ ಪ್ರಶ್ನೆ ಕೇಳಿದರು. ರಾವಸಾಹೇಬ ಕೈಯಲ್ಲಿ ಸೀತತ್ತೆ ಕೊಟ್ಟ ಚಹಾದ ಕಪ್ಪು ಹಿಡಿದುಕೊಂಡೇ ಹೇಳಿದ: “ಬೆಲ್ಲಾ ರೀ. ಬೆಲ್ಲದ ಪೆಂಟಿ. ಇಂಗ್ರೇಜರು ತೆರಿಗಿ ಹಾಕಿದ್ರು ಅಂತ ಒಗದರು. ಸಮುದ್ರ ಮೂರ ದಿನಾ ಪಾನಕಾ ಆಗಿತ್ತಂತ. ಆ ಬಂದರಾ ನಾ ಸ್ವತಾ ನೋಡೇನ್ರಿ.”

ಪಾನಕ! ಅಣ್ಣಾ, ನಮ್ಮ ಪಂಕ್ತಿಯ ಪಾನಕ, ನಮ್ಮಪ್ಪನ ಪಾನಕ, ಅವನ ಬಾಯಲ್ಲಿ! ಬೇರೆ ಯಾವ ಉತ್ತರವನ್ನಾದರೂ ಯಾವ ಪುಸ್ತಕದಿಂದಲಾದರೂ ಕಲಿಯಬಹುದಾಗಿತ್ತು. ಅದೊಂದು ನಮ್ಮ ಮನೆಯ ಅಡಿಗೆಮನೆ ದಾಟಿ ಹೋಗಿದ್ದರೆ ನಿನ್ನ ಕಾಲಿನಿಂದಲೇ ಹೋಗಬೇಕು. ಉಳಿದದ್ದಕ್ಕೆಲ್ಲ ನನ್ನ ಪುಸ್ತಕ ತೆಗೆದು ನೋಡಿದ್ದೀ. ಇದನ್ನು ಮಾತ್ರ ನೋಡುವ ಅವಶ್ಯಕತೆ ನಿನಗೆ ಕಂಡಿಲ್ಲ, ಏಕೆಂದರೆ ಇದು ನಿನಗೆ ‘ಗೊತ್ತಿತ್ತು’. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದರು. ಅವರಿಗೂ ತಿಳಿಯಿತು. ಅವರ ಮುಖದ ಬಣ್ಣ ಇಳಿದದ್ದು ನಾನು ಕಣ್ಣಾರೆ ಕಂಡೆ. ಇನ್ನೇನು, ಅಪ್ಪ ಎದ್ದು ನಿಂತು ಟೊಪ್ಪಿಗೆ ಹಾಕಿಕೊಂಡು ಹೊರಡುತ್ತಾರೆ, ನಾನು ನಾಳೆಯೇ ಕೊಲ್ಲಾಪುರದಲ್ಲಿ ಎಂದುಕೊಂಡೆ. ಅಪ್ಪ ತಟ್ಟೆಯಲ್ಲಿನ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡು, “ಬರೋಬ್ಬರಿ. ಬೆಲ್ಲನ. ಹುಡುಗ ಪಾಸ” ಎಂದರು. ಸೀತತ್ತೆ ಓಡಿಹೋಗಿ ಸಕ್ಕರೆ ತಂದಳು. ನನ್ನ ಬಾಯಿಗೂ ಹಾಕಿದಳು. ರೇಶನ್ ಸಕ್ಕರೆ, ಸಿಹಿ ಕಡಿಮೆ, ಮರಳು ಜಾಸ್ತಿ.

ತಿರುಗಿ ಬರುವಾಗ ಇದ್ದಲಿ ಗ್ಯಾಸಿನ ಆ ಬಸ್ಸು ಏರಿನಲ್ಲಿ ಉಸಿರುಗಟ್ಟಿ ನಿಂತಿತು. ಡ್ರೈವರ್ ಮೌಲಾಅಲಿ ಇಳಿದು ಹಿಂದಿನ ಒಲೆಗೆ ಗಾಳಿ ಹಾಕತೊಡಗಿದ. ಅವ್ವ ಒಳಗೆ ತೂಕಡಿಸುತ್ತಿದ್ದಳು. ನಾನೂ ಅಪ್ಪನೂ ಬೇವಿನ ಗಿಡದ ಕೆಳಗೆ ನಿಂತೆವು. “ಅಪ್ಪಾ, ಬೆಲ್ಲಾ ಅಂದಾಗ ನಿಮಗ ಗೊತ್ತಾಗಲಿಲ್ಲೇನ್ರಿ?” ಎಂದೆ. “ಗೊತ್ತಾತು.” “ಮತ್ತ್ಯಾಕ ಪಾಸ ಅಂದ್ರಿ?” ಅಪ್ಪ ಟೊಪ್ಪಿಗೆ ತೆಗೆದು ಹೊಗೆ ಬೀಸಿಕೊಂಡರು. ಆಮೇಲೆ, “ಹತ್ತು ಮಂದ್ಯಾಗ ಅಂವನ್ನ ಸುಳ್ಳ ಮಾಡಿದ್ರ ನನ್ನ ಮಗನ್ನ ಸುಳ್ಳ ಮಾಡಿದಂಗ ಆಕ್ಕಿತ್ತು, ರಾಜೂ” ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅಪ್ಪನನ್ನು ಕ್ಷಮಿಸುತ್ತಿದ್ದೆನೇನೋ. ಅವರು ಇನ್ನೊಂದು ಮಾತು ಸೇರಿಸಿದರು. “ಅವರ ಮನ್ಯಾಗ ಚಂಪಾ ಅಂತ ಹುಡಿಗಿ ಐತಿ. ರಾವಸಾಹೇಬನ ತಂಗಿ. ಸಂಕೇಶ್ವರದ ಮದುವ್ಯಾಗ ನಿಮ್ಮಣ್ಣ ಅಕಿನ್ನ ನೋಡ್ಯಾನ, ಮದುವಿ ಆದ್ರ ಅಕಿನ್ನ ಆಕ್ಕೇನಿ ಅಂತಾನ. ಅವರು ಸಾಟಿ ಕೇಳತಾರ. ನಿನ್ನ ಕೊಟ್ರ ಅಕಿನ್ನ ಕೊಡತಾರ, ಇಲ್ಲಂದ್ರ ಇಲ್ಲ. ನಿನಗ ಹೇಳಬ್ಯಾಡ ಅಂತ ಅಂವಾನ ಅಂದಿದ್ದ.”

ಒಂದು ಮನೆಗೆ ಹುಡುಗಿಯನ್ನು ಕೊಟ್ಟು ಆ ಮನೆಯ ಹುಡುಗಿಯನ್ನು ತರುವುದು ಹೊಸದೇನಲ್ಲ. ನಮ್ಮ ಓಣಿಯಲ್ಲೇ ಎಷ್ಟು ಸಾಟಿ ಮದುವೆಗಳಾಗಿಲ್ಲ! ಹೊಸದೆಂದರೆ, ಅದು ನನ್ನೊಬ್ಬಳಿಗೇ ಗೊತ್ತಿಲ್ಲದ್ದು. ನನ್ನ ಗೆಳತಿಯರ ಮುಂದೆ ನಮ್ಮ ಅಣ್ಣನಿಗೆ ಸಾಟಿಯೇ ಇಲ್ಲ ಎಂದು ಎಷ್ಟು ಕೊಚ್ಚಿಕೊಂಡಿದ್ದೇನೆ ಅಣ್ಣಾ. ನಿನಗೆ ಸಾಟಿ ಇತ್ತು. ಅದು ನಾನೇ ಆಗಿದ್ದೆ. ನಾನು ತಯಾರಿಸಿದ ಪ್ರಶ್ನಪತ್ರಿಕೆ, ನಾನು ಕವರು ಹಾಕಿ ಕೊಟ್ಟ ಪುಸ್ತಕ, ನಾನು ಆರತಿ ಎತ್ತಿದ ಅಣ್ಣ, ನನ್ನ ಕಡೆಯ ಪರೀಕ್ಷಕರಾದ ಅಪ್ಪ! ಒಂದು ಪರೀಕ್ಷೆಯಲ್ಲಿ ಎಲ್ಲರೂ ಸೇರಿ ಪಾಸಾಗಿ, ಪ್ರಶ್ನೆ ತೆಗೆದವಳೊಬ್ಬಳನ್ನೇ ಫೇಲು ಮಾಡಿದ್ದನ್ನು ಯಾವ ಯುನಿವರ್ಸಿಟಿಯಲ್ಲೂ ನಾನು ಕೇಳಿಲ್ಲ. ಅಂದಿನಿಂದ ಕಾಲೇಜಿನ ಎರಡನೆಯ ಟರ್ಮ್ ಶುರುವಾಗಿ ನಡೆಯುತ್ತಲೇ ಇದೆ. ನಾನು ಇಲ್ಲಿ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದೇನೆ. ಅವ್ವನಿಗೆ ಹೇಳಿದರೆ, “ನೀನೂ ನನ್ನ ಹೊಟ್ಟ್ಯಾಗಿಂದ ಬಂದಾಕಿ, ಅಂವನೂ ನನ್ನ ಹೊಟ್ಟ್ಯಾಗಿಂದ ಬಂದಂವ, ನಾ ಯಾರ್ನ ಬೈಲಿ” ಎಂದು ಒನಕೆ ಇನ್ನಷ್ಟು ಜೋರಾಗಿ ಎತ್ತಿ ಹಾಕುತ್ತಾಳೆ. ಮೆಣಸಿಗೆ ತಾನು ಮಾಡಿದ ತಪ್ಪೇನೆಂದೇ ತಿಳಿಯದು.

ಕಳೆದ ಗುರುವಾರ ನಾವು ಹುಕ್ಕೇರಿಗೆ ಹೋದೆವು, ನಿನ್ನ ಚಂಪಾಳನ್ನು ನೋಡಲು. ನಿನಗೆ ಸೇಟಜಿ ರಜೆ ಕೊಡಲಿಲ್ಲವಲ್ಲ, ನಿನ್ನ ಬದಲು ವರನ ತಂಗಿಯಾಗಿ ನಾನು. ನನ್ನನ್ನು ಕರೆದೊಯ್ದದ್ದೇ ಒಂದು ಗಮ್ಮತ್ತು: ಅಪ್ಪ ಬೇಡವೆಂದರು, ಸೀತತ್ತೆ, “ನಾದಿನಿ ನೋಡದ ಸೊಸೀನ್ನ ತರೂದ ಹ್ಯಾಂಗ? ಮಂದಿ ಏನಂದಾರು!” ಎಂದು ಹಟ ಹಿಡಿದಳು. ಚಂಪಾ ಬಂದು ಮಣೆಯ ಮೇಲೆ ಕೂತಳು. ಹಸಿರು ಸೀರೆ, ಸ್ವಲ್ಪ ಕಪ್ಪು, ಕಣ್ಣು ಬಹಳ ಚುರುಕು. ನಿನ್ನ ಆಯ್ಕೆಗೆ ಹೆಸರಿಡುವುದಿಲ್ಲ. ಸೀತತ್ತೆ ಹಪ್ಪಳ ಕೇಳಿದಳು, ಚಂಪಾ ಸರಾಗ ಹೇಳಿದಳು. ಸ್ತೋತ್ರ ಹಾಡಿದಳು. ಆಮೇಲೆ ಎಲ್ಲರೂ ನನ್ನತ್ತ ತಿರುಗಿ, “ನೀನೂ ಏನರ ಕೇಳವಾ” ಎಂದರು. ದೇವರಾಣೆ, ನಾನು ಏನನ್ನೂ ಮೊದಲೇ ಯೋಚಿಸಿ ಹೋಗಿರಲಿಲ್ಲ. ನೀನು ನಂಬದಿದ್ದರೆ ಬಿಡು. ಅವಳು ಹಾಗೆ ತಲೆ ಬಗ್ಗಿಸಿ ಕೂತದ್ದು ನೋಡಿದಾಗ ಮೂಡಲಗಿಯಲ್ಲಿ ನಾನು ಕೂತದ್ದು ನೆನಪಾಯಿತು. “ನಿಮ್ಮಣ್ಣನವರು ಅಮೇರಿಕಾದಾಗ ಇದ್ದಾಗ ನಿಮಗ ಏನೇನ ಕಳಸತಿದ್ದರು?” ಎಂದೆ.

ಅವಳ ತಾಯಿ ಥಟ್ಟನೆ, “ರೇಶಿಮಿ ರುಮಾಲ...” ಎಂದು ಬಾಯಿ ತೆರೆದರು. ಸೀತತ್ತೆಗೆ ಒಳಗಿನ ಸಂಗತಿ ಒಂದಿಷ್ಟೂ ಗೊತ್ತಿರಲಿಲ್ಲ. ಆದರೆ ಮೂಡಲಗಿಯಲ್ಲಿ ತನ್ನ ಅತ್ತಿಗೆಯ ಬಾಯಿ ಮುಚ್ಚಿಸಿದ ಸಿಟ್ಟು ಅವಳಲ್ಲಿ ಹಾಗೇ ಇತ್ತು. ಹುಕ್ಕೇರಿಯ ಹಿರಿಯರಂತೆಯೇ ಕೈ ಎತ್ತಿ, “ತಡೀರಿ ಬಾಯಾರ. ಮಣಿ ಮ್ಯಾಲೆ ಕುಂತಾಕಿ ಬಾಯಿಲೇನ ಬರಲಿ. ನಿಮ್ದ ರಿವಾಜಲ್ಲಾ!” ಎಂದಳು. ಚಂಪಾ ತಲೆ ಎತ್ತಿ ಮೊದಲು ತನ್ನ ಅಣ್ಣನನ್ನು ನೋಡಿದಳು, ಆಮೇಲೆ ನನ್ನನ್ನು. ನನ್ನ ಮುಖದಲ್ಲಿ ಏನು ಕಂಡಳೋ. “ಅವರೇನೂ ಕಳಸತಿದ್ದಿಲ್ರಿ. ನಾವ ಕಳಸತಿದ್ದಿವಿ. ತಿಂಗಳಿಗೊಮ್ಮೆ ಹೆಸರುಂಡಿ.” “ಅಮೇರಿಕಾಕ್ಕ?” “ಮಿರಜಿಗ್ರಿ. ಅಲ್ಲಿ ನಮ್ಮ ಸೋದರಮಾವನ ಸೋಡಾ ಬಾಟ್ಲಿ ಕಾರಖಾನ್ಯಾಗ ಇದ್ರು.” ತಗ್ಗಿದ ದನಿಯಲ್ಲಿ, ಒಂದಕ್ಷರ ನುಂಗದೆ ಹೇಳಿದಳು. ಅಪ್ಪ ಎದ್ದರು. ಈ ಸಲ ಲವಂಗ ಮುಟ್ಟಲಿಲ್ಲ. “ಏಳ್ರಿ” ಎಂದರು, ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಬೆಲ್ಲವನ್ನು ಒಬ್ಬರಿಗೊಬ್ಬರು ಕಣ್ಣಲ್ಲಿ ನುಂಗಿಕೊಳ್ಳಬಹುದಾಗಿತ್ತು, ಎರಡು ಮನೆಯ ಮಂದಿಯೆದುರು ಬಾಯಿಬಿಟ್ಟು ಬಂದ ಮಿರಜನ್ನು ನುಂಗಲು ಅವರಿಂದ ಆಗಲಿಲ್ಲ. ನನ್ನ ಸಲುವಾಗಿ ಎದ್ದರೆಂದು ನಾನು ಅಂದುಕೊಳ್ಳುವುದಿಲ್ಲ. ಆ ಭ್ರಮೆಯೂ ನನಗೆ ಉಳಿದಿಲ್ಲ.

ರಾವಸಾಹೇಬನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ನಿನಗೆ ಆಶ್ಚರ್ಯವಾದೀತು. ಅವನು ಹೊಸ್ತಿಲವರೆಗೆ ಬಂದು, ನನ್ನ ಪುಸ್ತಕವನ್ನು ಕವರು ಸಮೇತ ಕೈಗಿಟ್ಟು, ನೆಲ ನೋಡುತ್ತ ಹೇಳಿದ: “ಚಹಾ ಅಂತ ನಾ ಎಲ್ಲೋ ಕೇಳಿದ್ದೆರಿ. ನಿಮ್ಮಣ್ಣ ಪಾರೀಸಣ್ಣಾರು ಇಲ್ಲ, ಬೆಲ್ಲನ, ನಮ್ಮಪ್ಪ ಹೇಳ್ಯಾನ ಅಂದ್ರು. ನಮ್ಮ ಮನಿ ಅಟ್ಟದ ಮ್ಯಾಲೆ ಮೂರ ದಿನಾ ಕುಂದರಿಸಿ ಬಾಯಿಪಾಠಾ ಮಾಡಸಿದ್ರು.” ನೀನು ರೈಲು ಹತ್ತಿದೆ ಎಂದು ಅವ್ವ ಬಸದಿಗೆ ತುಪ್ಪದ ದೀಪ ಹಚ್ಚಲು ಹೋದ ಮೂರು ದಿನಗಳವು. ಅವನು ಸುಳ್ಳು ಹೇಳಿದ್ದು ಅಪರಿಚಿತಳಿಗೆ. ನೀನು ಯಾರಿಗೆ ಹೇಳಿದೆ?

ನಾಳೆ ಮುಂಜಾನೆಯ ಬಸ್ಸಿಗೆ ನಾನು ಕೊಲ್ಲಾಪುರಕ್ಕೆ ಹೊರಟಿದ್ದೇನೆ. ಕೇಳಿದಾಗ ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಟ್ರಂಕಿನ ಮೇಲೆ ಒಂದು ಪೆಂಟಿ ಬೆಲ್ಲ ತಂದು ಇಟ್ಟಿದ್ದಾರೆ. ಅವರಿಗೆ ಕ್ಷಮೆ ಕೇಳಲು ಗೊತ್ತಿರುವುದು ಅದೊಂದೇ ರೀತಿ. ಅದನ್ನು ಒಯ್ಯಬೇಕೋ ಬಿಡಬೇಕೋ ಇನ್ನೂ ತಿಳಿಯುತ್ತಿಲ್ಲ. ತಪ್ಪಿದ ಹಾಜರಿಗೆ ಪ್ರಿನ್ಸಿಪಾಲರು ಕಾರಣ ಕೇಳುತ್ತಾರೆ. ಸ್ವಾತಂತ್ರ್ಯ ಸಂಗ್ರಾಮದಲ್ಲಿದ್ದೆ ಎಂದು ಹೇಳಬೇಕೆಂದಿದ್ದೇನೆ. ಈ ದಿನಗಳಲ್ಲಿ ಯಾರೂ ಹೆಚ್ಚು ವಿಚಾರಿಸುವುದಿಲ್ಲ.

ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ರಾತ್ರಿ ಹಾಲಿಗೆ ಅರಿಷಿಣ ಹಾಕಿಕೊಂಡು ಕುಡಿ ಎಂದಿದ್ದಾಳೆ. ಸೀತತ್ತೆ ಕೇಳಿದಳೆಂದು ಹೇಳು ಎಂದಳು, ಹೇಳಿದ್ದೇನೆ. ಅಪ್ಪ ಏನೂ ಹೇಳಿಲ್ಲ. ಗಲಾಟೆಯ ಓಣಿಗಳಲ್ಲಿ ತಿರುಗಾಡಬೇಡ, ಕಚೇರಿಯಿಂದ ನೆಟ್ಟಗೆ ಕೋಣೆಗೆ ಹೋಗು. ನಿನ್ನ ಆರೋಗ್ಯ ಚೆನ್ನಾಗಿರಲಿ. ಇದು ರೂಢಿಯ ಮಾತಲ್ಲ, ಖರೆಯೇ ಬರೆದಿದ್ದೇನೆ.

ನಿನ್ನ ತಂಗಿ,
ರಾಜಮತಿ

ತಾ.ಕ.: ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕಲು ಅಂಗಡಿಯ ಆಳು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಹುಕ್ಕೇರಿಯಿಂದ ಹೊರಡುವಾಗ ಚಂಪಾ ಹಿತ್ತಲಿನ ಬಾಗಿಲಿಗೆ ಬಂದು ನನ್ನ ಕೈ ಹಿಡಿದಳು. ಸಂಕೇಶ್ವರದಲ್ಲಿ ಅವಳೂ ನಿನ್ನನ್ನು ನೋಡಿದ್ದಳಂತೆ, ಮರೆತಿರಲಿಲ್ಲವಂತೆ. “ನಿಮ್ಮಣ್ಣಾರಿಗೆ ಹೇಳ್ರಿ, ನಾ ಬೇಕಾಗಿದ್ರ ನನ್ನ ಕೇಳಬೇಕಿತ್ತು” ಎಂದಳು. ಹೇಳಿದ್ದೇನೆ. ನಾನು ಹೇಳಬೇಕೆಂದು ಇಷ್ಟು ಹಾಳೆ ಖರ್ಚು ಮಾಡಿದ್ದೂ ಅದೇ ಮಾತು ಅಣ್ಣಾ. ಆ ಮಧ್ಯಾಹ್ನ ತೂಗುಮಣೆಯ ಮೇಲೆ ನೀನು, ‘ರಾಜೂ, ನನಗೆ ಒಬ್ಬಳು ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ನೀನು ಹೂಂ ಅಂದರೆ ಮಾತ್ರ ಅವಳನ್ನು ಕೊಡುತ್ತಾರೆ’ ಎಂದು ಬಾಯಿಬಿಟ್ಟು ಕೇಳಿದ್ದರೆ, ಅವನು ಮಿರಜದವನೆಂದು ಗೊತ್ತಿದ್ದೂ ನಾನು ಹೂಂ ಅನ್ನುತ್ತಿದ್ದೆ. ನಿನಗೋಸ್ಕರ ಅನ್ನುತ್ತಿದ್ದೆ. ಈಗ ಕೇಳಬೇಡ.